ಹಳೆ ಸ್ಪೋರ್ಟ್ಸ್ ಕಾರಿನಿಂದ ಹೊಸ ಮಾದರಿಗೆ: ಮೊದಲು ಯಾವುದು, ಆಮೇಲೆ ಯಾವುದು

ಹತ್ತು ಹದಿನೈದು ವರ್ಷದ ಸ್ಪೋರ್ಟ್ಸ್ ಕಾರು ಮಾರಿ, ಅದೇ ಸಾಲಿನ ಹೊಸ ಮಾದರಿ ತಂದವರು ಆರು ತಿಂಗಳಿಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಕಾರು ಚೆನ್ನಾಗಿದೆ, ಆದರೆ ಯಾಕೋ ಹಳೇದರ ಮಜಾ ಇಲ್ಲ." ಇನ್ನು ಕೆಲವರ ಗೋಳು ಬೇರೆ. ಕೊಂಡ ಎರಡನೇ ತಿಂಗಳಿಗೇ ಟೈರು, ಬ್ರೇಕು, ಕ್ಲಚ್ಚು ಅಂತ ಜೇಬು ಖಾಲಿ.

ಎರಡಕ್ಕೂ ಕಾರಣ ಸಾಮಾನ್ಯವಾಗಿ ಕಾರಲ್ಲ, ಕೆಲಸದ ಕ್ರಮ. ಮೊದಲು ಹೊಸದರ ಮೇಲೆ ಮನಸ್ಸು ಬೀಳುತ್ತದೆ. ಹಳೇದನ್ನು ಅವಸರದಲ್ಲಿ ಕೊಟ್ಟುಬಿಡುತ್ತಾರೆ. ಕೈಯಲ್ಲಿ ಕಾರಿಲ್ಲದ ಚಡಪಡಿಕೆಯಲ್ಲಿ ಪರೀಕ್ಷೆಯನ್ನು ಅರ್ಧಕ್ಕೆ ಮುಗಿಸುತ್ತಾರೆ. ನಾನೂ ಒಮ್ಮೆ ಹೀಗೇ ಮಾಡಿದವನು, ಅದಕ್ಕೇ ಈ ಕ್ರಮ ಬರೆದಿಟ್ಟಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ದೊಡ್ಡ ಸಲಕರಣೆ ಏನೂ ಬೇಡ. ಟೈರಿನ ಗಾಳಿ ನೋಡುವ ಗೇಜ್, ಟ್ರೆಡ್ ಆಳ ಅಳೆಯುವ ಗೇಜ್, ಪೇಂಟಿನ ದಪ್ಪ ತೋರಿಸುವ ಮೀಟರ್, ಕಾರಿನ ಕಂಪ್ಯೂಟರಿನ ದೋಷ ಕೋಡ್ ಓದುವ ಓಬಿಡಿ-2 ಸ್ಕ್ಯಾನರ್, ಒಳ್ಳೆ ಟಾರ್ಚು, ಒಂದು ನೋಟ್‌ಬುಕ್ಕು. ಪೇಂಟ್ ಮೀಟರ್ ತರುವಾಗ ಅದು ಅಲ್ಯುಮಿನಿಯಂ ಮೇಲೂ ಕೆಲಸ ಮಾಡುತ್ತದೆಯೇ ಎಂದು ಕೇಳಿ. ಈಚಿನ ಸ್ಪೋರ್ಟ್ಸ್ ಕಾರುಗಳ ಬಾನೆಟ್ಟು, ಬಾಗಿಲು ಬಹಳಷ್ಟು ಕಡೆ ಅಲ್ಯುಮಿನಿಯಂನವೇ. ಉಕ್ಕಿಗೆ ಮಾತ್ರ ಮಾಡಿದ ಮೀಟರ್ ಅಲ್ಲಿ ಸುಮ್ನೆ ಕೂರುತ್ತದೆ.

ಇದರ ಜೊತೆಗೆ ಎರಡು ವಾರಾಂತ್ಯ ಪೂರ್ತಿ ಬಿಡುವು ಮಾಡಿಕೊಳ್ಳಿ.

ಹಂತ 1: ಹಳೆ ಕಾರನ್ನು ಸರಿಮಾಡಿ ಓಡಿಸಿ

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಮಾರುವ ಕಾರಿಗೆ ಯಾಕೆ ದುಡ್ಡು ಹಾಕಬೇಕು ಅಂತ. ಆದರೆ ಯೋಚನೆ ಮಾಡಿ. ಈಗ ನೀವು ಓಡಿಸುತ್ತಿರುವುದು ಹನ್ನೆರಡು ವರ್ಷ ಸವೆದ ಕಾರು. ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿವೆ, ಶಾಕ್ ಅಬ್ಸಾರ್ಬರ್‌ಗಳಲ್ಲಿ ದಮ್ಮಿಲ್ಲ, ಟೈರು ಗಟ್ಟಿಯಾಗಿದೆ. ಇದನ್ನು ಹೊಸ ಕಾರಿನ ಪಕ್ಕ ಇಟ್ಟು ಹೋಲಿಸಿದರೆ ಗೆಲ್ಲುವುದು ಹೊಸ ಕಾರಲ್ಲ, ಹೊಸ ರಬ್ಬರು.

ಎಲ್ಲ ಬದಲಿಸಬೇಕೆಂದಿಲ್ಲ. ಈ ಕ್ರಮದಲ್ಲಿ ಹೋಗಿ: ಟೈರಿನ ವಯಸ್ಸು, ಬ್ರೇಕ್ ಆಯಿಲ್, ತೀರಾ ಹರಿದ ಬುಷ್‌ಗಳು, ಕೊನೆಗೆ ವೀಲ್ ಅಲೈನ್‌ಮೆಂಟ್. ಅಲೈನ್‌ಮೆಂಟ್ ಮೊದಲೇ ಮಾಡಿಸಿ ಬುಷ್ ಆಮೇಲೆ ಹಾಕಿಸಿದರೆ ಆ ಕೆಲಸ ಮತ್ತೆ ಮಾಡಬೇಕು. ಎಂಜಿನ್ ಬಿಚ್ಚುವಂಥ ಖರ್ಚಿಗೆ ಮಾತ್ರ ಕೈಹಾಕಬೇಡಿ, ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ.

ಆಮೇಲೆ ಒಂದು ತಿಂಗಳು ಓಡಿಸಿ. ಕೆಲವರಿಗೆ ಇಲ್ಲೇ ಹೊಸ ಕಾರಿನ ಆಸೆ ಇಳಿದುಹೋಗುತ್ತದೆ. ಇಳಿಯದಿದ್ದರೂ ನಷ್ಟವಿಲ್ಲ, ಸರಿಯಾಗಿ ಓಡುವ ಕಾರು ಬೇಗ ಮಾರಾಟವಾಗುತ್ತದೆ.

ಹಂತ 2: ಏನು ಬೇಕು, ಏನನ್ನು ಬಿಡಲಾರೆ

ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಹಳೆ ಕಾರಿನಲ್ಲಿ ಕಿರಿಕಿರಿ ಎನಿಸುವುದು. ಇನ್ನೊಂದರಲ್ಲಿ ಯಾವುದನ್ನು ಕಳೆದುಕೊಂಡರೆ ಬೇಜಾರಾಗುತ್ತದೋ ಅದು. ಮೊದಲನೇ ಪಟ್ಟಿ ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಯಾರೂ ಬರೆಯುವುದಿಲ್ಲ. "ಮಜಾ ಇಲ್ಲ" ಅನ್ನುವ ಮಾತು ಹುಟ್ಟುವುದೇ ಇಲ್ಲಿ.

ತಲೆಮಾರು ಬದಲಾದಾಗ ಮುಖ್ಯವಾಗಿ ಬದಲಾಗುವುದು ಮೂರು.

ಒಂದು, ಸ್ಟೀರಿಂಗ್. ಹಳೇ ಕಾರುಗಳಲ್ಲಿ ಎಣ್ಣೆಯ ಒತ್ತಡದ ಪವರ್ ಸ್ಟೀರಿಂಗ್ ಇತ್ತು, ಈಗ ವಿದ್ಯುತ್ ಮೋಟರ್. ಪೋರ್ಷೆ 911ರಲ್ಲಿ ಇದು 2011ರ 991 ಮಾದರಿಯಿಂದ ಬಂತು (991, ಇ92, ಎನ್‌ಡಿ ಇಂಥವೆಲ್ಲ ಒಂದೊಂದು ತಲೆಮಾರಿಗೆ ಕಂಪನಿ ಇಟ್ಟ ಸಂಕೇತ). ಮಜ್ದಾ ಎಂಎಕ್ಸ್-5ರಲ್ಲಿ 2015ರ ಎನ್‌ಡಿ ತಲೆಮಾರಿನಿಂದ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ರಸ್ತೆಯ ತರಿತರಿ ಬೆರಳಿಗೆ ತಿಳಿಯುವುದು ಕಡಿಮೆ.

ಎರಡು, ಎಂಜಿನ್ ಎಳೆಯುವ ರೀತಿ. ಇದಕ್ಕೆ ಬಿಎಂಡಬ್ಲ್ಯು ಎಂ3ಗಿಂತ ಒಳ್ಳೆ ಉದಾಹರಣೆ ಇಲ್ಲ. ಇ92 ತಲೆಮಾರಿನಲ್ಲಿ 4.0 ಲೀಟರಿನ ವಿ8, ಶಕ್ತಿ 420 ಪಿಎಸ್, ಟಾರ್ಕ್ (ತಿರುಗಿಸುವ ಬಲ) 400 ಎನ್‌ಎಂ. ಪೂರ್ತಿ ಶಕ್ತಿ ಬೇಕೆಂದರೆ 8300 ಆರ್‌ಪಿಎಂವರೆಗೆ ತಿರುಗಿಸಬೇಕು. 2014ರಲ್ಲಿ ಬಂದ ಎಫ್80ರಲ್ಲಿ 3.0 ಲೀಟರಿನ ಟ್ವಿನ್ ಟರ್ಬೊ, 431 ಪಿಎಸ್. ಪಿಎಸ್ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ, ಅಲ್ವಾ? ಆದರೆ ಟಾರ್ಕ್ 550 ಎನ್‌ಎಂ, ಅದೂ 1850 ಆರ್‌ಪಿಎಂನಿಂದಲೇ. ಕಾಗದದಲ್ಲಿ ಅಣ್ಣತಮ್ಮ, ರಸ್ತೆಯಲ್ಲಿ ಬೇರೆ ಮನೆತನ. ಮೇಲೆ ಮೇಲೆ ತಿರುಗಿಸುವುದೇ ನಿಮಗೆ ಖುಷಿಯಾದರೆ ಟರ್ಬೊ ಮಾದರಿ ಬೇಗ ಬೇಸರ ತರುತ್ತದೆ. ನಗರದಲ್ಲಿ ಪಿಕಪ್ ಸಾಲದು ಎಂಬುದೇ ಗೋಳಾಗಿದ್ದರೆ ಅದೇ ಟರ್ಬೊ ವರ.

ಮೂರು, ತೂಕ ಮತ್ತು ಅಗಲ. ಹೊಸದೆಲ್ಲ ಭಾರ ಎಂಬುದು ಅರ್ಧ ಸತ್ಯ. ಎಂಎಕ್ಸ್-5ರ ಎನ್‌ಡಿ ತನ್ನ ಹಿಂದಿನ ಎನ್‌ಸಿಗಿಂತ ಹಗುರ. ಅಗಲ ಮಾತ್ರ ಸಾಮಾನ್ಯವಾಗಿ ಬೆಳೆಯುತ್ತಲೇ ಹೋಗುತ್ತದೆ. 996 ತಲೆಮಾರಿನ 911 ಕರೇರಾ 1765 ಮಿ.ಮೀ., 992 ಕರೇರಾ 1852 ಮಿ.ಮೀ., ಕನ್ನಡಿ ಬಿಟ್ಟು. ಗ್ಯಾರೇಜಿನಲ್ಲಿ ಬಾಗಿಲು ತೆಗೆದು ಇಳಿಯಲು ಈ ಒಂಬತ್ತು ಸೆಂಟಿಮೀಟರೇ ಸಾಕು ಕಷ್ಟಕ್ಕೆ. ಟೇಪು ಹಿಡಿದು ಅಳೆಯಿರಿ.

ಹಂತ 3: ತಲೆಮಾರು ಸಾಲದು, ವರ್ಷ ಆರಿಸಿ

ಒಂದೇ ಮಾದರಿಯ ಒಳಗೆ ನಡುವೆ ಎಂಜಿನ್, ಗೇರ್‌ಬಾಕ್ಸ್ ಬದಲಾಗಿರುತ್ತದೆ. ಎನ್‌ಡಿ ಎಂಎಕ್ಸ್-5ರ 2.0 ಎಂಜಿನ್ 2019ರ ಮಾದರಿಗೆ 184 ಪಿಎಸ್ ಆಯಿತು, ಕೆಂಪು ಗೆರೆ (ಎಂಜಿನ್ ತಿರುಗಬಹುದಾದ ಮಿತಿ) 6800ರಿಂದ 7500 ಆರ್‌ಪಿಎಂಗೆ ಏರಿತು. ಮೊದಲ ವರ್ಷಗಳಲ್ಲಿ ಗೇರ್‌ಬಾಕ್ಸ್ ಮುರಿದ ದೂರುಗಳಿದ್ದವು, ಮಜ್ದಾ ಅದನ್ನು ಆಮೇಲೆ ತಿದ್ದಿತು. 996 ಕರೇರಾ ಮತ್ತು ಮೊದಲ ಪೋರ್ಷೆ ಬಾಕ್ಸ್‌ಸ್ಟರ್‌ಗಳ ಎಂಜಿನ್ನಿನಲ್ಲಿ ಐಎಂಎಸ್ (ಎಂಜಿನ್ನಿನೊಳಗಿನ ನಡುವಿನ ಶಾಫ್ಟ್) ಬೇರಿಂಗ್ ಹೋಗುವ ಭಯ ಎಲ್ಲರಿಗೂ ಗೊತ್ತು. 2009ರ ಮಾದರಿಯ 997 ಕರೇರಾದಿಂದ ಆ ಶಾಫ್ಟೇ ಇಲ್ಲದ ಹೊಸ ಎಂಜಿನ್ ಬಂತು. ಬಾಕ್ಸ್‌ಸ್ಟರ್‌ನ 2016ರ 718 ತಲೆಮಾರಿನಲ್ಲಿ ಆರು ಸಿಲಿಂಡರ್ ಹೋಗಿ ನಾಲ್ಕು ಸಿಲಿಂಡರ್ ಟರ್ಬೊ ಬಂತು, ಆಮೇಲೆ 4.0 ಲೀಟರಿನ ಆರು ಸಿಲಿಂಡರ್ ದುಬಾರಿ ಮಾದರಿಗಳಲ್ಲಿ ಮರಳಿತು.

ನಿಮ್ಮ ಕಾರು ಇವುಗಳಲ್ಲಿ ಇಲ್ಲದಿರಬಹುದು. ಕೆಲಸ ಮಾತ್ರ ಅದೇ: ಯಾವ ವರ್ಷ ಏನು ಬದಲಾಯಿತು, ಬದಲಾಗುವ ಮುಂಚೆ ಏನು ಕೆಡುತ್ತಿತ್ತು ಎಂದು ಒಂದು ಪುಟ ಬರೆದುಕೊಳ್ಳಿ. ಹೊಸ ತಲೆಮಾರಿನ ಮೊದಲ ವರ್ಷದ ಕಾರನ್ನು ನಾನಂತೂ ಕೊಳ್ಳುವುದಿಲ್ಲ.

ಹಂತ 4: ದುಡ್ಡಿನ ಲೆಕ್ಕ

ಕಾರಿನ ಬೆಲೆಗೆ ಪೂರ್ತಿ ದುಡ್ಡು ಸುರಿಯಬೇಡಿ. ಶೇ. 10ರಿಂದ 15ರಷ್ಟು ಮೊದಲ ವರ್ಷಕ್ಕೆ ಎತ್ತಿಡಿ, ಇದು ನನ್ನ ಲೆಕ್ಕ. ಹೊಸ ಮಾದರಿಯ ಚಕ್ರ ದೊಡ್ಡದು, ಹಾಗಾಗಿ ಟೈರು ದುಬಾರಿ. ಹಿಂದೆ ಮುಂದೆ ಬೇರೆ ಅಳತೆ ಇದ್ದರೆ ಅದಲುಬದಲು ಮಾಡಿ ಬಾಳಿಕೆ ಹೆಚ್ಚಿಸುವ ದಾರಿಯೂ ಇಲ್ಲ. ಕಾರ್ಬನ್ ಸೆರಾಮಿಕ್ ಬ್ರೇಕ್ ಇರುವ ಕಾರಾದರೆ ಡಿಸ್ಕಿನ ಬೆಲೆ ಮೊದಲೇ ವಿಚಾರಿಸಿ, ಕುರ್ಚಿಯಲ್ಲಿ ಕೂತು ಕೇಳುವುದು ಒಳ್ಳೆಯದು. ವಿಮೆಯ ಮೊತ್ತವನ್ನೂ ಮುಂಗಡ ಕೊಡುವ ಮುಂಚೆಯೇ ಬರೆಸಿಕೊಳ್ಳಿ.

ಹಂತ 5: ಓಡಿಸಿ ನೋಡುವುದು

ಒಂದೇ ದಿನ, ಒಂದೇ ರಸ್ತೆ, ಎರಡೂ ಕಾರು. ಮೊದಲು ನಿಮ್ಮದು, ಆಮೇಲೆ ಹೊಸದು. ಎರಡರ ಟೈರಿನ ಗಾಳಿಯನ್ನೂ ತಯಾರಕರು ಹೇಳಿದಷ್ಟಕ್ಕೆ ತನ್ನಿ. ಮಾರಾಟಕ್ಕೆ ನಿಂತ ಕಾರುಗಳಲ್ಲಿ ಗಾಳಿ ಸರಿಯಾಗಿರುವುದೇ ಅಪರೂಪ. ಗಾಳಿ ಜಾಸ್ತಿಯಾದರೆ ಒಳ್ಳೆ ಕಾರೂ ಕುಣಿಯುತ್ತದೆ.

ಕನಿಷ್ಠ 40 ನಿಮಿಷ ಕೇಳಿ. ಹತ್ತು ನಿಮಿಷದಲ್ಲಿ ಗೊತ್ತಾಗುವುದು ಪಿಕಪ್ ಮಾತ್ರ. ಮೊದಲ ಅರ್ಧ ಸಾಮಾನ್ಯ ಮೋಡ್‌ನಲ್ಲೇ ಓಡಿಸಿ. ಸ್ಪೋರ್ಟ್ ಗುಂಡಿ ಒತ್ತಿದ ಕೂಡಲೇ ಎಕ್ಸಿಲರೇಟರ್ ಚುರುಕಾಗುತ್ತದೆ, ಸದ್ದು ಏರುತ್ತದೆ, ತಲೆ ತಿರುಗುತ್ತದೆ. ಕೆಲವು ಕಾರು ಎಂಜಿನ್ ಸದ್ದನ್ನು ಸ್ಪೀಕರಿನಿಂದಲೂ ಬೆರೆಸುತ್ತವೆ. ಅದನ್ನು ಆಫ್ ಮಾಡುವ ದಾರಿ ಇದ್ದರೆ ಆಫ್ ಮಾಡಿ ಕೇಳಿ.

ಎರಡನೇ ಪಟ್ಟಿ ನೆನಪಿದೆ ತಾನೆ? ಅದನ್ನು ಜೇಬಿನಿಂದ ತೆಗೆದು ಒಂದೊಂದಕ್ಕೂ ಗುರುತು ಹಾಕಿ. ಕೂತ ಭಂಗಿ, ಹಿಂದಿನ ನೋಟ, ಬ್ರೇಕ್ ಪೆಡಲಿನ ಹಿಡಿತ, ಇವೆಲ್ಲ ಬರೆಯಿರಿ. ಟ್ರ್ಯಾಕಿಗೆ ಹೋಗುವವರು ಹೆಲ್ಮೆಟ್ ಹಾಕಿಕೊಂಡೇ ಕೂತು ನೋಡಿ, ಚಾವಣಿ ತಾಗುವುದು ಆಗಲೇ ಗೊತ್ತಾಗುವುದು.

ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿ ರಸ್ತೆಯಲ್ಲಿ ಪ್ರಯೋಗ ಬೇಡ. ಗೊತ್ತಿಲ್ಲದ ಕಾರು, ಗೊತ್ತಿಲ್ಲದ ಟೈರು.

ಹಂತ 6: ಪರೀಕ್ಷೆ

ಅವಸರ ಮಾಡಲೇಬಾರದ ಹಂತ ಇದು. ಕ್ರಮವೂ ಮುಖ್ಯ: ಮೊದಲು ಕಾಗದ, ಆಮೇಲೆ ಹೊರಮೈ, ತಣ್ಣಗಿನ ಎಂಜಿನ್, ಸ್ಕ್ಯಾನರ್, ಕೊನೆಗೆ ಲಿಫ್ಟ್ ಮೇಲೆ. ಲಿಫ್ಟಿನ ಕೆಲಸ ಆ ಮಾದರಿ ಬಲ್ಲ ಮೆಕ್ಯಾನಿಕ್‌ಗೆ ಬಿಡಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ.

ಕಾಗದ: ಚಾಸಿ ನಂಬರ್ ದಾಖಲೆಯಲ್ಲೂ ಕಾರಿನ ಮೇಲೂ ಒಂದೇ ಇರಬೇಕು. ಸರ್ವಿಸ್ ಬಿಲ್ಲುಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ ಕಿಲೋಮೀಟರ್ ಏರುತ್ತಾ ಹೋಗಿದೆಯೇ ನೋಡಿ. ವರ್ಷಕ್ಕೆ ತೀರಾ ಕಡಿಮೆ ಓಡಿದ ಕಾರು ಎಂದರೆ ಹಿಗ್ಗಬೇಡಿ. ಸುಮ್ನೆ ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ತಯಾರಕರು ವಾಪಸ್ ಕರೆದು ಮಾಡುವ ದುರಸ್ತಿಗಳಲ್ಲಿ ಯಾವುದು ಬಾಕಿ ಇದೆ ಎಂದು ಚಾಸಿ ನಂಬರ್ ಕೊಟ್ಟು ವಿಚಾರಿಸಿ.

ಹೊರಮೈ: ಲೋಹದ ಭಾಗಗಳಲ್ಲಿ ಕಾರ್ಖಾನೆ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ತೋರಿಸುತ್ತದೆ. ಒಂದು ಬಾಗಿಲು ಮಾತ್ರ 300 ದಾಟಿದರೆ ಮತ್ತೆ ಬಣ್ಣ ಬಳಿದಿದ್ದಾರೆ. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಬಣ್ಣ ಬಳಿದದ್ದೇ ತಪ್ಪಲ್ಲ, ಸುಳ್ಳು ಹೇಳಿದ್ದು ತಪ್ಪು. ಹಾಗಾಗಿ ಮೀಟರ್ ಹೊರಗೆ ತೆಗೆಯುವ ಮುಂಚೆ "ಎಲ್ಲಾದರೂ ಪೇಂಟ್ ಆಗಿದೆಯಾ?" ಅಂತ ಕೇಳಿ, ಉತ್ತರ ಕೇಳಿಸಿಕೊಂಡು ಆಮೇಲೆ ಅಳೆಯಿರಿ.

ಟೈರು: ಪಕ್ಕದ ಗೋಡೆಯ ಮೇಲೆ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ. 3519 ಎಂದರೆ 2019ರ 35ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರನ್ನು, ಟ್ರೆಡ್ ಎಷ್ಟೇ ಇರಲಿ, ಬದಲಿಸುವ ಲೆಕ್ಕಕ್ಕೇ ಸೇರಿಸಿ. ನಾಲ್ಕಕ್ಕೆ ನಾಲ್ಕು ಬ್ರಾಂಡಿನ ಟೈರು ಹಾಕಿದ್ದರೆ, ಬೇರೆ ಕಡೆಯೂ ಅಷ್ಟೇ ಜಿಪುಣತನ ನಡೆದಿರುತ್ತದೆ. ಟೈರಿನ ಒಳ ಅಂಚಿಗೆ ಕೈಹಾಕಿ ನೋಡಿ, ಸವೆತ ಅಡಗಿ ಕೂರುವುದು ಅಲ್ಲೇ.

ತಣ್ಣಗಿನ ಎಂಜಿನ್: "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಒಂದು ಸಲ ಬೆಚ್ಚಗಿನ ಬಾನೆಟ್ ಮುಟ್ಟಿಯೂ "ಇರಲಿ ಬಿಡು" ಎಂದುಕೊಂಡೆ. ಮನೆಗೆ ತಂದ ಮರುದಿನ ಬೆಳಗ್ಗೆ ಹಿಂದಿನಿಂದ ನೀಲಿ ಹೊಗೆ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲಂಟ್ ಒಳಗೆ ಹೋಗುತ್ತಿದೆ.

ಸ್ಕ್ಯಾನರ್: ದೋಷ ಕೋಡ್ ಏನೂ ಇಲ್ಲ ಎಂದು ತೋರಿಸಿದರೆ ಅಲ್ಲಿಗೇ ನಿಲ್ಲಿಸುವುದು ತೀರಾ ಸಾಮಾನ್ಯ ತಪ್ಪು. ನೀವು ಬರುವ ಒಂದು ಗಂಟೆ ಮುಂಚೆ ಅಳಿಸಿರಬಹುದಲ್ಲ? 'ರೆಡಿನೆಸ್' ಎಂಬ ಪುಟ ತೆಗೆಯಿರಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ ಅದು. ಅಲ್ಲಿ ಹಲವು ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದಿದ್ದರೆ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಪೋರ್ಷೆಗಳಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆಯೂ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಐದನೇ ಗೇರಿಗೆ ಬದಲು ಮೂರಕ್ಕೆ ಹಾಕಿದವರ ಗುಟ್ಟು ಅಲ್ಲಿ ಬಯಲಾಗುತ್ತದೆ.

ಲಿಫ್ಟ್: ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕೂ ಈಗಿನ ದಪ್ಪಕ್ಕೂ ಎಷ್ಟು ಅಂತರ, ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ, ಅಡಿಭಾಗ ಉಜ್ಜಿದೆಯೇ. ಆ ಮಾದರಿಯ ಹೆಸರಾದ ರೋಗವನ್ನು ಮೆಕ್ಯಾನಿಕ್‌ಗೆ ಹೆಸರು ಹೇಳಿಯೇ ಕೇಳಿ. ಉದಾಹರಣೆಗೆ ಇ46 ಎಂ3 ಎಂದರೆ ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳ ಸಸ್ಪೆನ್ಶನ್ ಹೊರುವ ಚೌಕಟ್ಟು) ಕೂರುವ ತಳದ ಬಿರುಕು. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಆದರೆ ಒಳಹೋಗುವ ವಾಲ್ವ್‌ಗಳ ಮೇಲೆ ಮಸಿ ಕಟ್ಟಿದೆಯೇ ಎಂದು ಪುಟ್ಟ ಕ್ಯಾಮೆರಾ ಇಳಿಸಿ ನೋಡಬಹುದು. ಹಳೆ ಎಂಜಿನ್‌ಗಳಲ್ಲಿ ಪೆಟ್ರೋಲೇ ಆ ವಾಲ್ವ್ ತೊಳೆಯುತ್ತಿತ್ತು, ಇಲ್ಲಿ ಹಾಗಾಗುವುದಿಲ್ಲ.

ಟ್ಯೂನ್ ಮಾಡಿಸಿದ ಕಾರು, ಬೇರೆ ಟರ್ಬೊ, ಬೇರೆ ಸೈಲೆನ್ಸರ್? ಮೂಲ ಬಿಡಿಭಾಗಗಳು ಇಲ್ಲದಿದ್ದರೆ ಕೈಮುಗಿದು ಹೊರಡಿ.

ಹಂತ 7: ಹಳೇದನ್ನು ಮಾರುವುದು

ಪರೀಕ್ಷೆ ಪಾಸಾಗಿ, ಸಣ್ಣ ಮುಂಗಡ ಕೊಟ್ಟು, ಕಾಗದದಲ್ಲಿ ದಿನಾಂಕ ಬರೆಸಿಕೊಂಡ ಮೇಲಷ್ಟೇ ಹಳೇ ಕಾರಿನ ಜಾಹೀರಾತು. ಎರಡೂ ಕಾರು ಒಂದೆರಡು ವಾರ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಆಗ ಕೊಳ್ಳುವವರು ನಿಮ್ಮನ್ನು ಬೆದರಿಸಲಾರರು.

ನೀವು ಹಾಕಿಸಿದ ಬೇರೆ ಚಕ್ರ, ಸೀಟು, ಸೈಲೆನ್ಸರ್ ಬಿಚ್ಚಿ ಮೂಲದ್ದು ಹಾಕಿ. ಅವನ್ನು ಬೇರೆಯಾಗಿ ಮಾರಿದರೆ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ. ಎಂಜಿನ್ ಮೇಲೆ ಪಾಲಿಶ್ ಬಳಿದು ಮಿಂಚಿಸಬೇಡಿ, ಸೋರಿಕೆ ಮುಚ್ಚಿದ್ದಾರೆಂದು ತಿಳಿದವರು ಅನುಮಾನಪಡುತ್ತಾರೆ. ಇರುವ ದೋಷವನ್ನು ಮೊದಲೇ ಬರೆದು ತೋರಿಸಿ. ದುಡ್ಡು ಖಾತೆಗೆ ಬಂದದ್ದು ಬ್ಯಾಂಕಿನಿಂದ ಖಾತ್ರಿಯಾಗುವ ತನಕ ಕೀಲಿ ಕೊಡಬೇಡಿ. ಮೊಬೈಲಿಗೆ ಬಂದ ಮೆಸೇಜ್ ಖಾತ್ರಿಯಲ್ಲ.

ಹಂತ 8: ಮೊದಲ ಸಾವಿರ ಕಿಲೋಮೀಟರ್

ಹಳೇದಾಗಿ ಕೊಂಡ ಕಾರಾದರೆ ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಎರಡನ್ನೂ ಬದಲಿಸಿ, "ಮೊನ್ನೆ ತಾನೇ ಮಾಡಿಸಿದೆ" ಎಂದು ಹೇಳಿದ್ದರೂ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ ಅದರ ಆಯಿಲ್ ಯಾವಾಗ ಆಗಿದೆ ಎಂದು ಬಿಲ್ಲು ನೋಡಿ. ಕಾರ್ಖಾನೆಯಿಂದ ಹೊಸದಾಗಿ ಬಂದ ಕಾರಾದರೆ ಕೈಪಿಡಿಯಲ್ಲಿ ರನ್ನಿಂಗ್-ಇನ್ ಅವಧಿ (ಹೊಸ ಎಂಜಿನ್ ಹದಕ್ಕೆ ಬರುವ ತನಕ ಹಗುರಾಗಿ ಓಡಿಸುವ ಅವಧಿ) ಓದಿ. ಎಂ3ಯಂಥ ಎಂ ಕಾರುಗಳಿಗೆ ಬಿಎಂಡಬ್ಲ್ಯು 2000 ಕಿ.ಮೀ. ಹತ್ತಿರ ಒಂದು ಸರ್ವಿಸ್ ಕಡ್ಡಾಯ ಮಾಡಿದೆ, ಅದನ್ನು ತಪ್ಪಿಸಬಾರದು.

ಹಳೆ ಅಭ್ಯಾಸ ಎರಡನ್ನು ಬಿಡಬೇಕು. ನೀರಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂತೆಂದು ಎಂಜಿನ್ ಏರಿಸುವುದು ಒಂದು. ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ತಡವಾಗಿ. ಆಯಿಲ್ ಬಿಸಿ ತೋರಿಸುವ ಮೀಟರ್ ಇದ್ದರೆ ಅದನ್ನೇ ನೋಡಿ. ಇನ್ನೊಂದು, ಟರ್ಬೊ ಕಾರಿನಲ್ಲಿ ಟಾಪ್ ಗೇರಿನಲ್ಲೇ 1500 ಆರ್‌ಪಿಎಂನಿಂದ ಎಕ್ಸಿಲರೇಟರ್ ಪೂರ್ತಿ ತುಳಿಯುವುದು. ಅಂಥ ಹೊತ್ತಲ್ಲಿ ಕಿಡಿ ಬೀಳುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇದೆ. ಒಂದೋ ಎರಡೋ ಗೇರ್ ಇಳಿಸಿ ತುಳಿಯಿರಿ.

ಮಳೆಯಲ್ಲಿ ಮೊದಲ ಕೆಲವು ದಿನ ಬಹಳ ಹುಷಾರು. ಹಳೆ ಎಂಜಿನ್ ಶಕ್ತಿಯನ್ನು ನಿಧಾನಕ್ಕೆ ಕೊಡುತ್ತಿತ್ತು, ಇದು ಗುದ್ದಿನ ಹಾಗೆ ಕೊಡುತ್ತದೆ. ನಿಮ್ಮ ಬಲಗಾಲಿಗೆ ಇನ್ನೂ ಹಳೆ ಲೆಕ್ಕವೇ ನೆನಪಿರುತ್ತದೆ.

ಮೂರು ತಿಂಗಳು ಯಾವ ಬದಲಾವಣೆಯೂ ಬೇಡ. ಚಕ್ರ ಬಿಚ್ಚಿ ಹಾಕಿಸಿದ್ದರೆ ಸುಮಾರು 50ರಿಂದ 100 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ನೋಡಿ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ಎಂದೂ ನೋಡಿಕೊಳ್ಳಿ. ಹೊಸ ಸ್ಪೋರ್ಟ್ಸ್ ಕಾರುಗಳಲ್ಲಿ ಬಹುತೇಕ ಇರುವುದಿಲ್ಲ, ಪಂಕ್ಚರ್ ಅಂಟಿನ ಬಾಟಲಿ ಮಾತ್ರ. ಅದಕ್ಕೂ ಅವಧಿ ಮುಗಿಯುವ ದಿನಾಂಕ ಇರುತ್ತದೆ.

ಬಹಳ ಜನ ಮರೆಯುವುದು ಇನ್ನೊಂದಿದೆ. ಈಚಿನ ಕಾರು ಮೊಬೈಲ್ ಆಪ್‌ಗೆ ಜೋಡಿಸಿಕೊಂಡಿರುತ್ತದೆ. ಹಿಂದಿನ ಮಾಲೀಕರು ತಮ್ಮ ಖಾತೆಯಿಂದ ಕಾರನ್ನು ತೆಗೆಯದಿದ್ದರೆ, ಅದು ಎಲ್ಲಿ ನಿಂತಿದೆ ಎಂದು ಅವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ, ಕೆಲವು ಕಾರುಗಳಲ್ಲಿ ಬಾಗಿಲೂ ತೆರೆಯಬಹುದು. ಕೀಲಿ ಕೈಗೆ ಬಂದ ಗಳಿಗೆಯಲ್ಲೇ, ಅವರು ಎದುರಿಗೆ ನಿಂತಿರುವಾಗಲೇ ಅದನ್ನು ತೆಗೆಸಿ. ನಿಮ್ಮ ಹಳೆ ಕಾರಿನಲ್ಲಿ ಉಳಿದ ಫೋನ್ ನಂಬರುಗಳು, ಮನೆ ವಿಳಾಸ, ಗೇಟಿನ ರಿಮೋಟ್ ಕೋಡ್ ಅಳಿಸಿದ್ದೀರಾ ಎಂದೂ ಅವತ್ತೇ ನೋಡಿಕೊಳ್ಳಿ.